ವಸ್ತಿ ಬಸ್ಸಿನ ಪಾಳಿ

ನಾನು ಕಂಡಕ್ಟರ್. ಬಾಯಿ ಜೋರಿನವನೆಂದು ಡಿಪೋದಲ್ಲಿ ಹೆಸರು ತೆಗೆದುಕೊಂಡವನು. ಇಷ್ಟು ವರ್ಷ ನಿಂತುಕೊಂಡೇ ದುಡಿದು ಕಾಲು ಸೋತಿವೆ, ಬಾಯಿ ಮಾತ್ರ ಹಾಗೇ ಇದೆ. ಈಗ ಬರೆಯಲು ಕೂತಿರುವುದು ಒಬ್ಬ ಒಳ್ಳೆಯ ಮನುಷ್ಯರ ಬಗ್ಗೆ. ಅವರು ನಮ್ಮ ಡಿಪೋ ಮ್ಯಾನೇಜರ್ ಆಗಿದ್ದರು. ಯಾರ ಮೇಲೂ ದನಿ ಏರಿಸಿದವರಲ್ಲ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ, ಡ್ರೈವರನ ಮಗುವಿಗೆ ಜ್ವರ ಬಂದರೆ ಮರುದಿನ ಮರೆಯದೆ ಕೇಳುವವರು. ಅಂಥವರನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂಬುದನ್ನೇ ಹೇಳುತ್ತೇನೆ.

ಮೊದಲು ವಸ್ತಿ ಬಸ್ಸಿನ ಸಂಗತಿ ಹೇಳಬೇಕು. ಸಂಜೆ ಡಿಪೋ ಬಿಟ್ಟು ಕಟ್ಟಕಡೆಯ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಕು ಹರಿಯುತ್ತಲೇ ಊರಿನ ಜನರನ್ನು ತುಂಬಿಕೊಂಡು ವಾಪಸು ಬರುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ ಅನ್ನುತ್ತಾರೆ. ಅದು ಇಲ್ಲದಿದ್ದರೆ ಹಳ್ಳಿಯ ಹುಡುಗಿಯರಿಗೆ ಕಾಲೇಜಿಲ್ಲ, ಕೂಲಿಯವರಿಗೆ ಕೂಲಿಯಿಲ್ಲ, ಕೊಪ್ಪಳದ ದೊಡ್ಡ ದವಾಖಾನೆಗೆ ಹೋಗಬೇಕಾದವರು ಮನೆಯಲ್ಲೇ ನರಳಬೇಕು. ಡ್ರೈವರ್, ಕಂಡಕ್ಟರ್ ಇಬ್ಬರೂ ಬಸ್ಸಿನ ಸೀಟಿನ ಮೇಲೋ ಗುಡಿಯ ಕಟ್ಟೆಯ ಮೇಲೋ ಮಲಗುತ್ತಾರೆ. ಊಟ ಊರವರದು. ಇಂದು ಈ ಮನೆ, ನಾಳೆ ಆ ಮನೆ ಎಂದು ಪಾಳಿಯ ಮೇಲೆ ಬಸ್ಸಿನವರಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬರುತ್ತದೆ. ಕೇಳುವವರಿಗೆ ಚಂದ ಅನ್ನಿಸಬಹುದು. ಹೆಂಡತಿ ಮಕ್ಕಳನ್ನು ಬಿಟ್ಟು, ಸೊಳ್ಳೆ ಕಡಿಸಿಕೊಂಡು, ಸೀಟಿನ ಮೇಲೆ ಮುದುಡಿ ಮಲಗುವುದು ಯಾರಿಗೂ ಬೇಡವಾದ ಕೆಲಸ. ಬೇಡವಾದ ಕೆಲಸವನ್ನು ಹೇಗೆ ಹಂಚುತ್ತಾರೆ ಎಂಬುದರಲ್ಲೇ ಮೇಲಿನವರ ಯೋಗ್ಯತೆ ಗೊತ್ತಾಗುವುದು.

ಇವರಿಗಿಂತ ಮೊದಲು ಇದ್ದ ಮ್ಯಾನೇಜರ್ ಬಾಯಿ ತೆರೆದರೆ ಬೈಗುಳ. ನಮ್ಮ ಅಪ್ಪ, ಅಜ್ಜ ಯಾರನ್ನೂ ಬಿಡುತ್ತಿರಲಿಲ್ಲ. ಅವರ ಚೇಂಬರಿನ ಬಾಗಿಲ ಮುಂದೆ ಹಾಯುವಾಗ ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದೆವು. ಆದರೆ ವಸ್ತಿಯ ಮಾತು ಬಂದರೆ ಪಾಳಿ ಅಂದರೆ ಪಾಳಿ. ಹೆಣ್ಣು ಕಂಡಕ್ಟರುಗಳನ್ನು ಬಿಟ್ಟು ಉಳಿದವರೆಲ್ಲ ಸರತಿಯಂತೆ ಹೋಗಲೇಬೇಕು. ಯಾರಾದರೂ ಕಣ್ಣೊರೆಸಿಕೊಳ್ಳುತ್ತ ಬಂದರೆ, "ಅಳಬ್ಯಾಡ. ನಿನ್ನ ಪಾಳಿ ಬಂದೈತಿ, ಹೋಗು. ನಾಳಿ ಅವನ ಪಾಳಿ ಬಂದಾಗ ಅವನೂ ಹೋಗ್ತಾನ," ಅನ್ನುತ್ತಿದ್ದರು. ಅವರ ಸ್ವಂತ ಷಡ್ಡಕ ನಮ್ಮಲ್ಲೇ ಡ್ರೈವರ್. ಸಾಹೇಬರ ಮನೆಯ ಗೃಹಪ್ರವೇಶದ ದಿನವೇ ಆತನ ಪಾಳಿ ಬಂತು. ಹೋಳಿಗೆ ಉಣ್ಣಿಸಿ, ಕೈ ತೊಳೆಸಿ, ಸೀದಾ ಬಸ್ಸು ಹತ್ತಿಸಿದರು. ನಿಜವಾದ ಸಾವು ನೋವು ಇದ್ದರೆ ಬೈದುಕೊಳ್ಳುತ್ತಲೇ ಬದಲಿ ಆಳನ್ನು ಹುಡುಕಿ ಕಳಿಸುತ್ತಿದ್ದರು, ಹಾಗೆ ಬದಲಿಗೆ ಹೋದವನಿಗೆ ಮುಂದಿನ ಪಾಳಿ ಮಾಫಿ ಮಾಡುವುದನ್ನೂ ಮರೆಯುತ್ತಿರಲಿಲ್ಲ. ಅವರಿಗೆ ವರ್ಗವಾದ ದಿನ ನಾವೆಲ್ಲ ಕೂಡಿ ಪೇಢಾ ಹಂಚಿದೆವು.

ಆಮೇಲೆ ಬಂದವರು ಈ ಒಳ್ಳೆಯ ಮನುಷ್ಯರು. ಬಂದ ದಿನವೇ ಚೇಂಬರಿನ ಬಾಗಿಲಿಗೆ ಕಟ್ಟಿದ್ದ ಪರದೆ ತೆಗೆಸಿದರು. "ಇದು ಆಫೀಸ್ ಅಲ್ರಿ, ಮನಿ. ಯಾರು ಯಾವಾಗ ಬೇಕಾದ್ರೂ ಒಳಗ ಬರ್ರಿ," ಅಂದರು. ಮಾತಿಗೆ ಅಂದದ್ದಲ್ಲ, ಹಾಗೇ ನಡೆದುಕೊಂಡರು. ನಮ್ಮ ವಿಶ್ರಾಂತಿ ಕೋಣೆಗೆ ಶುದ್ಧ ನೀರಿನ ಯಂತ್ರ ಬಂತು. ಹರಿದ ಚಾಪೆ ಹೋಗಿ ಹೊಸ ಗಾದಿ ಬಂದವು. ಮಧ್ಯಾಹ್ನ ತಮ್ಮ ಡಬ್ಬಿ ತಂದು ಮೆಕ್ಯಾನಿಕ್‌ಗಳ ಜತೆ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಸಂಜೆ ಗಿರ್ಮಿಟ್ ತರಿಸಿದರೆ ಗೇಟಿನ ಕಾವಲುಗಾರನಿಗೂ ಒಂದು ಪೊಟ್ಟಣ ಹೋಗುತ್ತಿತ್ತು. ಇದನ್ನೆಲ್ಲ ನಾನು ಇಲ್ಲ ಅನ್ನುವುದಿಲ್ಲ. ಉಂಡಿದ್ದೇನೆ, ಆ ಗಾದಿಯ ಮೇಲೆ ಮಲಗಿದ್ದೇನೆ.

ಅವರಿಗೆ ಒಂದೇ ಒಂದು ಪದ ಬರುತ್ತಿರಲಿಲ್ಲ: ಆಗೂದಿಲ್ಲ. ಎದುರಿಗೆ ನಿಂತು ಒಬ್ಬ ಮುಖ ಸಣ್ಣದು ಮಾಡಿದರೆ ಸಾಕು, ಕರಗಿ ನೀರಾಗುತ್ತಿದ್ದರು. ಇದು ಡಿಪೋಗೆ ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಒಬ್ಬನಿಗೆ ಸೊಂಟನೋವು ಬಂತು, ವಸ್ತಿ ತಪ್ಪಿತು. ಒಬ್ಬನ ಹೆಂಡತಿಗೆ ಒಬ್ಬಳೇ ಮಲಗಲು ಹೆದರಿಕೆಯಂತೆ, ತಪ್ಪಿತು. ಒಬ್ಬನ ಎಮ್ಮೆಯನ್ನು ಬೇರೆ ಯಾರು ಕೈ ಹಚ್ಚಿದರೂ ಹಾಲು ಕೊಡುವುದಿಲ್ಲವಂತೆ, ಅವನದೂ ತಪ್ಪಿತು. ಇನ್ನೊಬ್ಬ ದಿನಾ ಬೆಳಿಗ್ಗೆ ಮನೆದೇವರ ಪೂಜೆ ತಾನೇ ಮಾಡಬೇಕು ಅಂದ. ಸಾಹೇಬರು ಪ್ರತಿಯೊಬ್ಬನ ಭುಜದ ಮೇಲೆ ಕೈ ಇಟ್ಟು, "ಇರ್ಲಿ ಬಿಡ್ರಿ, ನೋಡೋಣು," ಅಂದರು. ಹೊರಗೆ ಬಂದವರು ಮೂಲೆಯಲ್ಲಿ ನಿಂತು ನಗುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಬಸ್ಸು ಹೋಗಲೇಬೇಕಲ್ಲ. ಎಮ್ಮೆ ಇದ್ದವನು, ದೇವರಿದ್ದವನು, ಸೊಂಟ ಇದ್ದವನು ಎಲ್ಲ ಮನೆಯಲ್ಲಿ ಕಾಲು ಚಾಚಿ ಮಲಗಿದರೆ ಆ ಹಳ್ಳಿಗೆ ಹೋಗುವವರು ಯಾರು? ಚೇಂಬರಿಗೆ ಹೋಗಿ ಮುಖ ಸಣ್ಣದು ಮಾಡಲು ಬಾರದವರು. ಅವರಲ್ಲಿ ನಾನೊಬ್ಬ, ಯಾಕೆಂದರೆ ನನಗೆ ಸಿಟ್ಟು ಮಾಡಲು ಬರುತ್ತದೆ, ಅಳಲು ಬರುವುದಿಲ್ಲ. ಇನ್ನೊಬ್ಬರು ನನ್ನ ಡ್ರೈವರ್. ಡಿಪೋವೆಲ್ಲ ಅವರನ್ನು ಚಾಚಾ ಅನ್ನುತ್ತಿತ್ತು. ನಿವೃತ್ತಿ ಹತ್ತಿರ ಬಂದ ವಯಸ್ಸು, ಬಿಳಿ ಗಡ್ಡ, ಎಲೆ ಅಡಿಕೆಗೆ ಕೆಂಪಾದ ಹಲ್ಲು. ಗೇರ್ ಹಾಕಿದ್ದು ಪ್ರಯಾಣಿಕರಿಗೆ ಗೊತ್ತಾಗಬಾರದು ಎಂಬ ಛಲದವರು. ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದರು.

"ಚಾಚಾ, ನೀವೂ ಒಂದ್ಸಲ ಹೋಗಿ ಕೇಳ್ರಿ. ಎಲ್ಲಾರೂ ಕೇಳಾಕತ್ತಾರ," ಎಂದು ನಾನು ಹೇಳಿದ್ದುಂಟು.

"ನಾ ಬಿಟ್ರ ಇನ್ನೊಬ್ಬ ಹೋಗ್ಬೇಕಲ್ಲ ತಮ್ಮಾ," ಅನ್ನುತ್ತಿದ್ದರು. "ಬಸ್ ತಾನಾಗೇ ಹೋಗತೈತೇನು?"

ನಮ್ಮ ವಸ್ತಿ ಯಲಬುರ್ಗಾದ ಆಚೆಗಿನ ಎರೆ ಹೊಲಗಳ ನಡುವಿನ ಒಂದು ಊರು. ಮೊದಮೊದಲು ಒಂದೆರಡು ಮನೆಯವರು ನನ್ನನ್ನು ಒಳಗೆ ಕರೆದು ಚಾಚಾರ ತಾಟನ್ನು ಕಟ್ಟೆಯ ಮೇಲೆ ಇಟ್ಟಿದ್ದರು. ನಾನೂ ನನ್ನ ತಾಟು ಎತ್ತಿಕೊಂಡು ಹೊರಗೆ ಬಂದು ಅವರ ಪಕ್ಕ ಕೂತೆ. ಚಾಚಾ ಮಾತ್ರ ಏನೂ ಆಗದವರಂತೆ ಪಲ್ಯ ಛಲೋ ಐತಿ ಎಂದು ಹೊಗಳಿ ಉಂಡರು. ಆಮೇಲೆ ಅದೇ ಊರು ಅವರನ್ನು ಹೊತ್ತು ಮೆರೆಸಿತು, ಸುಮ್ಮನೆ ಅಲ್ಲ. ಒಬ್ಬರ ಬಿಪಿ ಗುಳಿಗೆ, ಒಬ್ಬರ ಪಂಪಿನ ಸಾಮಾನು, ಒಬ್ಬ ಮುದುಕಿಯ ಕನ್ನಡಕ ಎಲ್ಲ ಕುಷ್ಟಗಿಯಿಂದಲೋ ಕೊಪ್ಪಳದಿಂದಲೋ ತಂದು ಕೊಡುವವರು ಇವರು. ಕಾಲೇಜಿನ ಹುಡುಗಿ ಜಡೆ ಹಾಕಿಕೊಳ್ಳುತ್ತ ಓಡಿ ಬರುತ್ತಿದ್ದರೆ ನಾನು ಸೀಟಿ ಊದಿದರೂ ಬಸ್ಸು ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಹೊತ್ತಿಗೆ ಮೊದಲೇ ಬಸ್ಸು ಬಿಟ್ಟು ದವಾಖಾನೆಗೆ ಮುಟ್ಟಿಸಿದ್ದರು. ಹೀಗೆ ಎರಡು ಸಂಕ್ರಾಂತಿ ಕಳೆದವು.

ಆಮೇಲೆ ಚಾಚಾರ ಹೆಂಡತಿಗೆ ಲಕ್ವಾ ಹೊಡೆಯಿತು. ಚಾಚಿ ಅಂದರೆ ನನ್ನ ಡಬ್ಬಿಗೂ ಬಿರಿಯಾನಿ ಹಾಕಿ ಕಳಿಸುತ್ತಿದ್ದ ಹೆಂಗಸು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಮಗಳು ಇದ್ದಳು, ಒಬ್ಬಳೇ ಮಗಳು. ರಾತ್ರಿ ತಾಯಿಯ ಮಗ್ಗುಲು ಬದಲಿಸುವುದು, ನೀರು ಕುಡಿಸುವುದು, ಎಬ್ಬಿಸಿ ಕೂರಿಸುವುದು ಎಲ್ಲ ಅವಳೇ. ಅಷ್ಟರಲ್ಲಿ ಅವಳಿಗೆ ಗಂಗಾವತಿಯ ಹತ್ತಿರ ಶ್ರೀರಾಮನಗರದಲ್ಲಿ ಗಂಡು ಗೊತ್ತಾಯಿತು. ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗ, ಒಳ್ಳೆಯ ಮನೆತನ. ಬೀಗರು ತಡಮಾಡಲು ಒಪ್ಪಲಿಲ್ಲ. ಹಗಲು ಹೊತ್ತಿಗೆ ಓಣಿಯ ಹೆಂಗಸರು ಚಾಚಿಯನ್ನು ನೋಡಿಕೊಳ್ಳುತ್ತಾರೆ. ರಾತ್ರಿ ಯಾರಿದ್ದಾರೆ? ಚಾಚಾಗೆ ಬೇಕಾದದ್ದು ಇಷ್ಟೇ: ಹಗಲು ಡ್ಯೂಟಿ, ರಾತ್ರಿ ಹೆಂಡತಿಯ ಮಗ್ಗುಲಲ್ಲಿ ತಾವು.

ನೌಕರಿಗೆ ಸೇರಿದ ಮೇಲೆ ಮೊದಲ ಸಲ ಅವರು ಕೇಳಲು ಹೋದರು. ಜತೆಗೆ ನಾನೂ ಹೋಗಿದ್ದೆ. ಟೋಪಿ ಸರಿ ಮಾಡಿಕೊಂಡರು, ಬಾಗಿಲಲ್ಲಿ ನಿಂತರು, ಹೇಳಬೇಕಾದ್ದನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಸಾಹೇಬರು ಎದ್ದು ಬಂದು ಕೈ ಹಿಡಿದುಕೊಂಡರು. "ಚಾಚಾ, ನೀವು ಕೇಳೂದ ಹೆಚ್ಚು. ಮುಂದಿನ ತಿಂಗಳಿಂದ ಹಗಲ ಡ್ಯೂಟಿ ಅಂತ ತಿಳ್ಕೊರಿ," ಅಂದರು. ಸಾಹೇಬರ ಕಣ್ಣಲ್ಲಿ ನೀರಿತ್ತು. ಚಾಚಾ ಹೊರಗೆ ಬಂದು ಎಲೆ ಅಡಿಕೆ ಹಾಕಿಕೊಂಡು, "ಭಾಳ ಛಲೋ ಮನಿಶಾ," ಅಂದರು. ನಾನೂ ಹೌದು ಅಂದೆ.

ನಮ್ಮಂಥವರು ಮಾಡುವ ತಪ್ಪು ನೋಡಿ. ಆ ಸಂಜೆ ಊಟದ ಪಾಳಿ ಒಬ್ಬ ಅಜ್ಜಿಯ ಮನೆಯದು. ಆಕೆ ರೊಟ್ಟಿ ಬಡಿಸುವಾಗ ಚಾಚಾ, "ಮುಂದಿನ ತಿಂಗಳಿಂದ ನಾ ಬರೂದಿಲ್ಲವ್ವ, ಹಗಲ ಡ್ಯೂಟಿ ಆಗ್ತೈತಿ," ಅಂದರು. ಯಾಕೆ ಎಂದು ಹೇಳಲಿಲ್ಲ. ಉಣ್ಣುವ ಮನೆಯಲ್ಲಿ ತಮ್ಮ ಮನೆಯ ಕಷ್ಟ ತೆಗೆಯಬಾರದು ಎಂಬುದು ಅವರ ರೀತಿ. ಚಾಚಿಗೆ ಲಕ್ವಾ ಹೊಡೆದದ್ದು ಆ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೆಳಗಾಗುವುದರೊಳಗೆ ಚಾಚಾರನ್ನು ಬಿಡಿಸುತ್ತಿದ್ದಾರೆ ಎಂಬ ಸುದ್ದಿ ಊರು ತುಂಬ ಆಯಿತು.

ಒಂದು ಬೆಳಿಗ್ಗೆ ನಮ್ಮ ಬಸ್ಸಿಗೇ ಊರ ಹಿರಿಯರು ಏಳೆಂಟು ಜನ ಹತ್ತಿದರು. ಬಿಳಿ ಅಂಗಿ, ತಲೆಗೆ ರುಮಾಲು, ಕೈಯಲ್ಲಿ ಚೀಲ. ತಹಶೀಲ್ದಾರ್ ಕಚೇರಿಗೆ ಇರಬೇಕು ಎಂದುಕೊಂಡು ಟಿಕೆಟ್ ಹರಿದೆ. ಇಳಿದವರು ನಮ್ಮ ಹಿಂದೆಯೇ ಡಿಪೋದ ಒಳಗೆ ನಡೆದರು, ನೇರ ಸಾಹೇಬರ ಚೇಂಬರಿಗೆ. ಚೀಲದಿಂದ ಹಾರ ಬಂತು, ಶಾಲು ಬಂತು, ತೆಂಗಿನಕಾಯಿ, ಒಂದು ಕಟ್ಟು ಹಸಿ ಕಡಲೆ ಗಿಡ ಬಂದವು. ಚಾಚಾರನ್ನು ಕರೆಸಿ ಎಲ್ಲರೆದುರು ಶಾಲು ಹೊದಿಸಿದರು. ಆಮೇಲೆ ಹಿರಿಯರೊಬ್ಬರು ಸಾಹೇಬರಿಗೆ ಕೈ ಮುಗಿದು, "ಸಾಹೇಬ್ರ, ಈ ಚಾಚಾರನ್ನ ನಮ್ಮೂರಿಂದ ಬಿಡಿಸಬ್ಯಾಡ್ರಿ. ಇವ್ರು ನಮ್ಮೂರಿನ ಮನಿಶಾ ಆಗ್ಯಾರ. ಇಲ್ಲ ಅನ್ನಬ್ಯಾಡ್ರಿ," ಅಂದರು.

ಇಲ್ಲ ಅನ್ನಬೇಡಿ ಎಂದು ಇಲ್ಲ ಅನ್ನಲು ಬಾರದವರ ಹತ್ತಿರ ಬೇಡಿಕೊಂಡರೆ ಏನಾಗುತ್ತದೆ? ಸಾಹೇಬರ ಮುಖ ಅರಳಿತು. "ಇಂಥಾ ಪ್ರೀತಿ ನಾ ಎಲ್ಲೂ ನೋಡಿಲ್ರಿ. ನಿಮ್ಮ ಮಾತು ಮೀರೂದಿಲ್ಲ, ಚಾಚಾ ನಿಮ್ಮೂರಿಗೇ ಬರ್ತಾರ," ಅಂದುಬಿಟ್ಟರು. ಅಲ್ಲೇ ಇದ್ದ ಎಮ್ಮೆಯವನು ಚಪ್ಪಾಳೆ ತಟ್ಟಿದ. ನಾನು ಬಾಯಿ ತೆರೆಯುವುದರೊಳಗೆ ಚಾಚಾ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಒಂದು ಫೋಟೋ ಕೂಡ ತೆಗೆಸಿದರು, ಸಾಹೇಬರು ನಡುವೆ, ಚಾಚಾ ಶಾಲು ಹೊದ್ದು ಪಕ್ಕದಲ್ಲಿ.

ನೀರಿನ ಟ್ಯಾಂಕಿನ ಹತ್ತಿರ ಬಂದ ಮೇಲೆ ನಾನು ಬಾಯಿಗೆ ಬಂದದ್ದು ಅಂದೆ. "ಬಾಯಾಗ ಕಡಬು ಇಟ್ಕೊಂಡಿದ್ರೇನು? ಒಂದು ಮಾತು ಹೇಳಾಕ ಏನಾಗಿತ್ತು ನಿಮಗ?"

ಚಾಚಾ ಶಾಲು ಮಡಚುತ್ತಿದ್ದರು. "ಶಾಲು ಹಾಕ್ಯಾರ ತಮ್ಮಾ. ಮೈಮ್ಯಾಲೆ ಅವರ ಶಾಲು ಇಟ್ಕೊಂಡು, ನಿಮ್ಮೂರು ನನಗ ಬ್ಯಾಡ ಅಂತ ಹ್ಯಾಂಗ ಹೇಳ್ಲಿ?"

ಆ ಊರವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿರಲಿಲ್ಲ. ಸಾಹೇಬರಿಗೆ ಗೊತ್ತಿತ್ತು. ಆ ಮಧ್ಯಾಹ್ನವೇ ನಾನೊಬ್ಬನೇ ಚೇಂಬರಿಗೆ ಹೋದೆ. ಜಗಳಕ್ಕೆಂದೇ ಹೋದದ್ದು. ಆದರೆ ಆ ಮನುಷ್ಯರ ಜತೆ ಜಗಳ ಆಡುವುದಾದರೂ ಹೇಗೆ? ಕೂರಿಸಿದರು, ಚಹಾ ತರಿಸಿದರು, ಮೊದಲು ಕುಡಿಯಿರಿ ಅಂದರು.

"ನಿಮ್ಮ ಸಿಟ್ಟು ನನಗ ಇಷ್ಟ ಆಗತೈತ್ರಿ. ಇನ್ನೊಬ್ಬರ ಸಲುವಾಗಿ ಸಿಟ್ಟಿಗೇಳ್ತೀರಲ್ಲ," ಅಂದರು.

"ಸಾಹೇಬ್ರ, ಉಳಿದವರನ್ನ ಪಾಳಿ ಮ್ಯಾಲೆ ಕಳಸ್ರಿ. ಮೊದಲ ಹಂಗ ಇತ್ತು," ಅಂದೆ.

"ಈಗ ಮತ್ತ ಅವರನ್ನ ವಸ್ತಿಗಿ ಹಾಕಿದ್ರ ಮನಸ್ಸಿಗೆ ಹಚ್ಕೋತಾರ್ರಿ. ಚಾಚಾ ಹಂಗಲ್ಲ, ದೊಡ್ಡ ಮನಸಿನವರು. ಹೊಂದ್ಕೋತಾರ."

ನಾನು ಚಹಾದ ಕಪ್ಪು ಕೆಳಗಿಟ್ಟೆ. "ದೊಡ್ಡ ಮನಸಿನವರ ಹೆಂಡ್ತಿಗಿ ರಾತ್ರಿ ನೀರು ಕುಡಸಾವ್ರು ಯಾರ್ರಿ? ಮಗಳ ಲಗ್ನ ಆದಮ್ಯಾಲೆ ಆ ಮನ್ಯಾಗ ರಾತ್ರಿ ಒಬ್ಬರೂ ಇರೂದಿಲ್ಲ. ಆಕಿಗಿ ಎದ್ದು ಕೂಡ್ರಾಕ ಬರೂದಿಲ್ಲ."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ತಾಯಿಯೂ ಹೀಗೇ ಹಾಸಿಗೆ ಹಿಡಿದಿದ್ದನ್ನು ಹೇಳಿದರು. ಬಹಳ ಹೊತ್ತು ಹೇಳಿದರು. ಕೊನೆಗೆ, "ನನಗ ಬಿಡ್ರಿ, ಏನರ ಮಾಡೋಣು," ಅಂದರು. ಗೆದ್ದೆ ಎಂದುಕೊಂಡೇ ಹೊರಗೆ ಬಂದೆ.

ಮುಂದಿನ ತಿಂಗಳು ಬಂತು, ಅದರ ಮುಂದಿನದೂ ಬಂತು. ಮಗಳ ನಿಕಾಹ್ ಆಯಿತು. ಸಾಹೇಬರು ಬಂದಿದ್ದರು, ಹುಡುಗಿಗೆ ಚೆಂದದ ಗಡಿಯಾರ ಕೊಟ್ಟರು. ನಮ್ಮ ವಸ್ತಿ ಹಾಗೇ ನಡೆಯಿತು. ನಾನು ಎರಡು ಸಲ ನೆನಪಿಸಿದೆ. ಎರಡು ಸಲವೂ, "ತಲ್ಯಾಗ ಐತ್ರಿ, ತಲ್ಯಾಗ ಐತಿ," ಅಂದರು. ಅವರ ತಲೆಯಲ್ಲಿ ಎಲ್ಲ ಇತ್ತು, ಆದರೆ ಕಣ್ಣಿಗೆ ಎದುರಿಗೆ ಯಾರು ನಿಂತಿದ್ದಾರೋ ಅವರ ಕಷ್ಟ ಮಾತ್ರ ಕಾಣುತ್ತಿತ್ತು. ಬೆನ್ನು ತಿರುಗಿಸಿ ದುಡಿಯಲು ಹೋದವನು ಅವರಿಗೆ ಕಾಣಿಸುತ್ತಲೇ ಇರಲಿಲ್ಲ. ದಿನಕ್ಕೊಬ್ಬ ಹೋಗಿ ಮುಂದೆ ನಿಲ್ಲುತ್ತಿದ್ದ, ಇವರು ಕರಗುತ್ತಿದ್ದರು, ಕರಗಿದ್ದೆಲ್ಲ ಬಂದು ಚಾಚಾರ ತಲೆಯ ಮೇಲೆ ಬೀಳುತ್ತಿತ್ತು. ಇದನ್ನು ಕರುಣೆ ಅನ್ನುವವರು ಅನ್ನಲಿ. ನನ್ನ ಬಾಯಲ್ಲಿ ಬರುವುದಿಲ್ಲ.

ಪಕ್ಕದ ಮನೆಯ ದೊಡ್ಡವ್ವ ಒಬ್ಬಳು ಪುಣ್ಯಕ್ಕೆ ರಾತ್ರಿ ಬಂದು ಚಾಚಿಯ ಹತ್ತಿರ ಮಲಗುತ್ತಿದ್ದಳು. ದುಡ್ಡು ಕೊಡಹೋದರೆ ಬೈಯುತ್ತಿದ್ದಳಂತೆ. ಹಾಗೇ ದಿನ ಸಾಗಿದವು. ಆದರೆ ಒಂದು ಹುಣ್ಣಿಮೆಗೆ ಆಕೆಯ ಮೊಮ್ಮಗನ ಜವಳ ತೆಗೆಸುವುದಿತ್ತು. ಮನೆಯವರೆಲ್ಲ ಹುಲಿಗಿಗೆ ಹೋಗಿ ರಾತ್ರಿ ಅಲ್ಲಿನ ದೇವಿ ಅಮ್ಮನ ಸನ್ನಿಧಿಯಲ್ಲೇ ಉಳಿಯುವವರು. ಚಾಚಾರ ಮಗಳು ತವರಿಗೆ ಬಂದು ಹೋಗಿ ಎರಡು ದಿನವೂ ಆಗಿರಲಿಲ್ಲ. ಮತ್ತೆ ಕರೆಸಿದರೆ ಬೀಗರು ಏನೆಂದುಕೊಂಡಾರು ಎಂದು ಚಾಚಾ ಹಿಂಜರಿದರು. ಎರಡನೆಯ ಸಲ ಟೋಪಿ ಸರಿ ಮಾಡಿಕೊಂಡು ಚೇಂಬರಿನ ಬಾಗಿಲಿಗೆ ಹೋದರು. ಇವತ್ತೊಂದು ರಾತ್ರಿ ಬಿಡಿ ಎಂದು ಕೇಳಲು.

ಹುಣ್ಣಿಮೆ ಅಂದರೆ ನಮ್ಮ ಡಿಪೋದ ಅರ್ಧ ಬಸ್ಸು ಹುಲಿಗಿ ದಾರಿ ಹಿಡಿದಿರುತ್ತವೆ. ಚೇಂಬರಿನ ತುಂಬ ಜನ, ಎರಡು ಫೋನು ಒಟ್ಟಿಗೇ ಹೊಡೆದುಕೊಳ್ಳುತ್ತಿದ್ದವು. ಸಾಹೇಬರು ಚಾಚಾರನ್ನು ನೋಡಿ ನೊಂದ ಮುಖ ಮಾಡಿದರು. "ಚಾಚಾ, ಇವತ್ತ ನೀವೂ ಹಿಂಗಂದ್ರ ನಾ ಯಾರ ಹತ್ರ ಹೋಗ್ಲಿ? ನಿಮ್ಮನ್ನ ನಂಬ್ಕೊಂಡೇನಿ," ಅಂದರು. ಸೊಂಟದವನು, ಪೂಜೆಯವನು ಇಬ್ಬರೂ ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ಆ ಇಬ್ಬರ ಕಡೆ ಅವರ ಕಣ್ಣು ತಿರುಗಲೂ ಇಲ್ಲ. ಚಾಚಾ ಹೊರಗೆ ಬಂದರು.

ನಾನು ಒಳಗೆ ನುಗ್ಗಲು ಹೊರಟೆ. "ಬ್ಯಾಡ ತಮ್ಮಾ. ಓಣ್ಯಾಗ ಹೇಳಿ ಬರ್ತೀನಿ, ಯಾರರ ಹಣಿಕಿ ಹಾಕ್ತಾರ," ಅಂದರು. ಮನೆಗೆ ಹೋಗಿ ಬಂದರು. ಹೊರಡುವಾಗ ಚಾಚಿಗೆ ಊಟ ಮಾಡಿಸಿ, ದಿಂಬು ಏರಿಸಿಟ್ಟು ಬಂದೆ ಎಂದು ಬಸ್ಸು ಶುರು ಮಾಡುತ್ತ ಹೇಳಿದರು. ದಾರಿಯುದ್ದಕ್ಕೂ ಎಲೆ ಅಡಿಕೆ ಹಾಕಲಿಲ್ಲ. ಹಳ್ಳಿ ಮುಟ್ಟಿದ ಮೇಲೆ ಅವತ್ತಿನ ಪಾಳಿಯ ಮನೆಯವರು ಹುಣ್ಣಿಮೆಯೆಂದು ಹೋಳಿಗೆ ತಂದಿದ್ದರು. ಅವರು ಎಷ್ಟು ಒತ್ತಾಯ ಮಾಡಿದರೂ ಚಾಚಾ ಅರ್ಧ ಹೋಳಿಗೆಗಿಂತ ಹೆಚ್ಚು ತಿನ್ನಲಿಲ್ಲ.

ಬೆಳಿಗ್ಗೆ ಬಸ್ಸು ತುಂಬಿ ತುಳುಕುತ್ತಿತ್ತು. ಅರ್ಧ ದಾರಿಯಲ್ಲಿ ನನಗೆ ಫೋನು ಬಂತು. ದೊಡ್ಡವ್ವನ ಮಗ. ಹುಲಿಗಿಯಿಂದ ಮೊದಲ ಬಸ್ಸಿಗೆ ಬಂದು ನೋಡಿದರೆ ಚಾಚಿ ಮಂಚದಿಂದ ಕೆಳಗೆ ಬಿದ್ದಿದ್ದಾರೆ, ಮೈ ತಣ್ಣಗಾಗಿದೆ ಅಂದ. ಹೂಂ ಎಂದು ಫೋನು ಜೇಬಿಗೆ ಹಾಕಿದೆ. ಬಸ್ಸಿನ ತುಂಬ ಕಾಲೇಜಿನ ಮಕ್ಕಳು, ಸ್ಟೇರಿಂಗ್ ಹಿಡಿದವರು ಅವರು. ಹೇಗೆ ಹೇಳಲಿ?

"ಯಾರದು ಫೋನು?" ಚಾಚಾ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಕೇಳಿದರು.

"ಡಿಪೋದ್ದು," ಅಂದೆ.

ಡಿಪೋದ ಗೇಟಿನವರೆಗೆ ಬಸ್ಸು ಎಂದಿನಂತೆಯೇ ಬಂತು. ಎಲ್ಲರೂ ಇಳಿದ ಮೇಲೆ ಇಂಜಿನ್ ಆರಿಸಿ, ಸೀಟಿನಿಂದ ಏಳದೆ, "ಈಗ ಹೇಳು," ಅಂದರು.

ಯಾವಾಗ ಬಿದ್ದರು, ಬಿದ್ದ ಮೇಲೆ ಎಷ್ಟು ಹೊತ್ತು ಜೀವವಿತ್ತು, ಯಾರನ್ನು ಕೂಗಿದರು, ಯಾರಿಗೂ ಗೊತ್ತಿಲ್ಲ. ಡಾಕ್ಟರು ಹೃದಯ ನಿಂತಿದೆ ಅಂದರು. ಚಾಚಾ ಮನೆಯಲ್ಲಿದ್ದಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ನಾನು ಡಾಕ್ಟರಲ್ಲ. ನೆಲದ ಮೇಲೆ ಒಬ್ಬರೇ ಬಿದ್ದು ಸಾಯುತ್ತಿರಲಿಲ್ಲ, ಅಷ್ಟನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮಯ್ಯತ್ತಿಗೆ ಸಾಹೇಬರು ಬಂದರು. ಹೆಗಲು ಕೊಟ್ಟರು. ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ. ನಾಟಕ ಅಲ್ಲ, ನಿಜವಾಗಿಯೇ ಅತ್ತರು. ಅದೇ ನನಗೆ ತಡೆಯಲಾಗಲಿಲ್ಲ. ಕೆಟ್ಟವರಾಗಿದ್ದರೆ ಮುಖಕ್ಕೆ ಉಗುಳಿ ಹಗುರಾಗಬಹುದಿತ್ತು.

ಮೂರನೆಯ ದಿನದ ಜಿಯಾರತ್ ಮುಗಿಸಿ, ಇನ್ನೂ ಸ್ವಲ್ಪ ದಿನ ಕಳೆದು ಚಾಚಾ ಡ್ಯೂಟಿಗೆ ಬಂದರು. ಗಡ್ಡ ಕೆದರಿತ್ತು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಸಾಹೇಬರು ಚೇಂಬರಿಗೆ ಕರೆಸಿದರು. ನಾನೂ ಹೋದೆ, ಯಾರೂ ಬೇಡ ಅನ್ನಲಿಲ್ಲ. ಅವರು ಚಾಚಾರ ಎರಡೂ ಕೈ ಹಿಡಿದುಕೊಂಡರು.

"ಚಾಚಾ, ಮನ್ಯಾಗ ಇಷ್ಟು ಕಷ್ಟ ಇಟ್ಕೊಂಡು ನನಗ ಒಂದು ಮಾತು ಹೇಳಬಾರದಿತ್ತೇನ್ರಿ? ನಾ ಏನು ಹೊರಗಿನಾಂವ?"

ನಾನು ಅವರ ಮುಖವನ್ನೇ ನೋಡಿದೆ. ಸುಳ್ಳು ಹೇಳುವವರ ಮುಖ ಅಲ್ಲ ಅದು. ಮರೆತಿದ್ದರು. ಚಾಚಾ ಬಾಗಿಲಲ್ಲಿ ನಿಂತು ಹೇಳಿದ್ದು, ನಾನು ಚಹಾ ಕುಡಿಯುತ್ತ ಹೇಳಿದ್ದು, ಹುಣ್ಣಿಮೆಯ ದಿನ ಹೇಳಿದ್ದು, ಎಲ್ಲ ಮರೆತಿದ್ದರು. ಅವತ್ತವತ್ತು ಕಣ್ಣೀರು ಹಾಕಿ ಮುಗಿಸಿದ್ದರಲ್ಲ, ಅವರ ಮಟ್ಟಿಗೆ ಕೆಲಸ ಮುಗಿದಿತ್ತು.

"ಹೇಳಿದ್ದೆವ್ರಿ ಸಾಹೇಬ್ರ," ಅಂದೆ. "ಇದ ಜಾಗಾದಾಗ ನಿಂತು ಹೇಳಿದ್ದೆವು. ನೀವು ಅತ್ತಿದ್ರಿ."

ಅವರು ಗಾಬರಿಯಾಗಿ ನನ್ನ ಕಡೆ ನೋಡಿದರು, ಆಮೇಲೆ ಚಾಚಾರ ಕಡೆ. ಚಹಾ ತರಲು ಹೇಳಿದರು. ಸ್ವಲ್ಪ ಹೊತ್ತು ಮೇಜಿನ ಮೇಲಿನ ಪೆನ್ನು ಆ ಕಡೆ ಈ ಕಡೆ ಸರಿಸಿದರು. "ಆಗಿದ್ದಾತು. ಇವತ್ತಿಂದ ನಿಮಗ ಹಗಲ ಡ್ಯೂಟಿ ಚಾಚಾ. ಯಾರು ಏನ ಅನ್ಲಿ, ನಾ ಬಗ್ಗೂದಿಲ್ಲ," ಅಂದರು. ಅವರ ಬಾಯಲ್ಲಿ ಮೊದಲ ಸಲ ಅಂಥ ಗಟ್ಟಿ ಮಾತು ಕೇಳಿದೆ.

ಚಾಚಾ ಮೆಲ್ಲಗೆ ಕೈ ಬಿಡಿಸಿಕೊಂಡರು. "ಬ್ಯಾಡ್ರಿ ಸಾಹೇಬ್ರ. ವಸ್ತಿನ ಇರ್ಲಿ. ಹಗಲ ಡ್ಯೂಟಿ ತಗೊಂಡು ರಾತ್ರಿ ಯಾರ ಕಡೆ ಹೋಗ್ಲಿ?"

ಆ ಸಂಜೆ ನಾವಿಬ್ಬರೂ ಅದೇ ಬಸ್ಸು ಹತ್ತಿದೆವು. ಹೊರಡುವ ಮೊದಲು ಡಿಪೋದ ವಾಟ್ಸಪ್ ಗುಂಪಿನಲ್ಲಿ ಸಾಹೇಬರು ಹಾಕಿದ್ದನ್ನು ನೋಡಿದೆ. ಅವತ್ತು ಶಾಲು ಹೊದಿಸಿ ತೆಗೆಸಿದ್ದ ಫೋಟೋ, ಕೆಳಗೆ ಅವರದೇ ಮಾತು. ಇಂಥ ದುಃಖದಲ್ಲೂ ಹಗಲು ಡ್ಯೂಟಿ ಬೇಡವೆಂದು ವಸ್ತಿಯನ್ನೇ ಕೇಳಿ ಪಡೆದ ನಮ್ಮ ಹಿರಿಯ ಚಾಲಕರು ನಮಗೆಲ್ಲ ಮಾದರಿ ಎಂದು ಬರೆದಿದ್ದರು. ಅದರ ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಯಾರ್ಯಾರು ಕೈ ಮುಗಿದಿದ್ದಾರೆ ಎಂದು ನೋಡುತ್ತ ಹೋದೆ. ಎಮ್ಮೆಯವನು, ಸೊಂಟದವನು, ಪೂಜೆಯವನು, ಎಲ್ಲರಿಗಿಂತ ಮೊದಲು ಕೈ ಮುಗಿದವರು ಈ ಮೂವರೇ.